ಬೆಲ್ಲದ ಮೇಲೆ ಹಿಂಡಿದ ಔಷಧಿ

ಕುಲಗೋಡದಲ್ಲಿ ಕಾಲುನೋವನ್ನು ಯಾರೂ ರೋಗವೆಂದು ಲೆಕ್ಕಿಸುವುದಿಲ್ಲ. ಕಬ್ಬು ಕಡಿಯುವವರ ಕಾಲು ನೋಯುತ್ತವೆ, ಎಮ್ಮೆ ಮೇಯಿಸುವವರ ಕಾಲು ನೋಯುತ್ತವೆ, ಗೋಕಾಕದ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುವವರ ಕಾಲೂ ನೋಯುತ್ತವೆ. ಎಣ್ಣೆ ತಿಕ್ಕಿ, ಬಿಸಿನೀರು ಸುರಿದುಕೊಂಡು ಮಲಗಿದರೆ ಬೆಳಗಿಗೆ ಮತ್ತೆ ಅದೇ ಕಾಲು, ಅದೇ ಕೆಲಸ. ಆದ್ದರಿಂದ ಹಿಟ್ಟಿನ ಗಿರಣಿಯ ಶ್ರೇಣಿಕನು ೧೯೯೯ರ ಚಳಿಗಾಲದಲ್ಲಿ ತನ್ನ ಕಾಲು ನೋಯುತ್ತಿವೆ ಎಂದಾಗ ಓಣಿಯವರು ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಿದರು.

ಅವನ ತಾಯಿ ಕಮಲವ್ವ ಮಾತ್ರ ಹಾಗೆ ತಿಳಿಯಲಿಲ್ಲ. ಶ್ರೇಣಿಕನ ಮೈಯಲ್ಲಿ ಕೆಲಸ ಮಾಡುತ್ತಿದ್ದುದು ಆಕೆಯ ಮೂತ್ರಪಿಂಡ. ಅವನ ಎರಡೂ ಮೂತ್ರಪಿಂಡಗಳು ಕೆಟ್ಟುಹೋದಾಗ, ಆ ವರ್ಷದ ಬೇಸಿಗೆಯಲ್ಲಿ, ಪುಣೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಕೆ ತನ್ನದೊಂದನ್ನು ಕೊಟ್ಟು ಮಗನನ್ನು ಉಳಿಸಿಕೊಂಡು ಬಂದಿದ್ದಳು. ಅಂದಿನಿಂದ ಮಗ ಕೆಮ್ಮಿದರೆ ಆಕೆಯ ಕೈ ತನಗರಿವಿಲ್ಲದೆ ತನ್ನ ಸೊಂಟದ ಗಾಯದ ಗುರುತಿನ ಮೇಲೆ ಹೋಗುತ್ತಿತ್ತು.

ನೋವು ಎರಡೂ ಪಾದಗಳಲ್ಲಿ ಒಟ್ಟಿಗೇ ಹುಟ್ಟಿ, ಪಾದದ ಕೀಲು ದಾಟಿ ಮೊಣಕಾಲಿನವರೆಗೆ ಏರಿತ್ತು. ಮಲಗಿ ಕಾಲು ಎತ್ತರಕ್ಕಿಟ್ಟರೆ ತುಸು ತಗ್ಗುತ್ತಿತ್ತು. ನೆಲಕ್ಕೆ ಊರಿದೊಡನೆ ಮತ್ತೆ ಏರುತ್ತಿತ್ತು. ಗಿರಣಿಯ ಮುಂದೆ ನಿಲ್ಲಲಾರದೆ ಶ್ರೇಣಿಕನು ಒಂದು ದಿನ ಜೋಳದ ಚೀಲದ ಮೇಲೆಯೇ ಕುಸಿದು ಕುಳಿತನು.

"ಎಲಬಿನ ಒಳಗ ಯಾರೋ ಬೀಸಾಕತ್ತಾರ ಅವ್ವಾ. ಹಿಟ್ಟು ಅಷ್ಟ ಹೊರಗ ಬರವಲ್ದು" ಎಂದು ನಗಲು ನೋಡಿದನು. ಕಮಲವ್ವನಿಗೆ ನಗು ಬರಲಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ವೈದ್ಯರು ಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಮುಖ ಬಾತರೆ ಕೂಡಲೇ ತಿಳಿಸಿರಿ ಎಂದಿದ್ದರು. ಬೇರೆ ಏನೇ ಕಂಡರೂ ತಿಳಿಸಿರಿ ಎಂದೂ ಹೇಳಿದ್ದರು. ಮನೆಯವರು ಮೊದಲ ಮಾತನ್ನು ನೆನಪಿಟ್ಟು ಎರಡನೆಯದನ್ನು ಬಿಟ್ಟರು. ಮೂತ್ರಪಿಂಡ ಇರುವುದು ಹೊಟ್ಟೆಯಲ್ಲಿ, ನೋವು ಇರುವುದು ಪಾದದಲ್ಲಿ. ಇದಕ್ಕೂ ಅದಕ್ಕೂ ಏನು ಸಂಬಂಧ ಎಂದುಕೊಂಡರು. ಎಷ್ಟು ಮನೆಗಳು ಇದೇ ತರ್ಕದಿಂದ ಮೋಸಹೋಗಿವೆಯೋ!

ಸುದ್ದಿ ಕೇಳಿ ಮೂಡಲಗಿಯಿಂದ ಆದಿನಾಥ ಬಂದನು. ಆತ ಕಮಲವ್ವನ ತೀರಿಹೋದ ಗಂಡನ ತಮ್ಮ. ಬಟ್ಟೆಯ ಅಂಗಡಿಯವನು, ನಾಲ್ಕಾರು ಪತ್ರಿಕೆ ಓದುವವನು, ಓದಿದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳಲಾರದವನು. ಬರುವಾಗ ಗೋಕಾಕದ ಔಷಧಿ ಅಂಗಡಿಯೊಂದರಿಂದ ನೋವಿನ ಗುಳಿಗೆ ತಂದಿದ್ದನು. ಯಾರಿಗೆ, ಏಕೆ ಎಂದು ಅಂಗಡಿಯವನು ಕೇಳಿರಲಿಲ್ಲ. ಕೇಳದೆ ಕೊಡುವುದು ವ್ಯಾಪಾರವಾದೀತೇ ಹೊರತು ಉಪಕಾರವಾಗಲಾರದು. ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಆಗದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದು ನೆನಪಿದ್ದುದರಿಂದ ಕಮಲವ್ವ ಅದನ್ನು ಗೂಡಿನಲ್ಲಿ ಎತ್ತಿಟ್ಟುಬಿಟ್ಟಳು. ಅಷ್ಟರಮಟ್ಟಿಗೆ ಆಕೆ ಜಾಣೆಯೇ ಆಗಿದ್ದಳು.

ಊಟವಾದ ಮೇಲೆ ಆದಿನಾಥ ದನಿ ತಗ್ಗಿಸಿದನು.

"ವೈನಿ, ಹೇಳಿದ್ರ ನಿಮಗ ಸಂಕಟ ಆಗ್ತೈತಿ. ಹೇಳಲಿಲ್ಲಂದ್ರ ನನಗ ಆಗ್ತೈತಿ. ಅಂವಗ ಮುಂಜಾನಿ ಸಂಜಿ ಕೊಡ್ತೀರಲ್ಲ, ಒಳಗ ಎಣ್ಣಿ ಇರೋ ಮೆತ್ತನ ಗುಳಿಗಿ, ಅದರ ಮ್ಯಾಲಿನ ಸಿಪ್ಪಿ ಯಾತರದು ಗೊತ್ತೈತೇನು?"

ಕಮಲವ್ವನಿಗೆ ಗೊತ್ತಿರಲಿಲ್ಲ.

"ಪ್ರಾಣಿ ಎಲಬು, ಚರ್ಮ ಕುದಿಸಿ ತಗದ ಅಂಟಿಂದು. ನಾ ಓದೇನಿ. ಈಗ ನೋಡ್ರಿ, ಅಂವಗ ನೋವು ಬಂದದ್ದು ಎಲ್ಲಿ? ಎಲಬಿನಾಗ."

ಅವನು ಓದಿದ್ದು ಸುಳ್ಳಲ್ಲ. ಅಂತಹ ಸಿಪ್ಪೆ ಬಹುಮಟ್ಟಿಗೆ ಪ್ರಾಣಿಮೂಲದ್ದೇ. ಆದರೆ ಅರ್ಧ ನಿಜದ ತುದಿಗೆ ತನ್ನದೊಂದು ಊಹೆಯನ್ನು ಕಟ್ಟಿ, ಅದನ್ನು ಒಬ್ಬ ಹೆದರಿದ ತಾಯಿಯ ಕೈಗೆ ಕೊಟ್ಟು ಹೊರಟುಹೋಗುವುದಕ್ಕೆ ಏನೆನ್ನಬೇಕು? ಆದಿನಾಥ ಕೆಟ್ಟವನಲ್ಲ. ಇಂತಹ ಕೇಡುಗಳು ಕೆಟ್ಟವರಿಗಾಗಿ ಕಾಯುವುದೂ ಇಲ್ಲ.

ಜೈನ ಮನೆತನದ ಕಮಲವ್ವ ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿದವಳಲ್ಲ. ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟಿದವಳಲ್ಲ. ನೆಲದೊಳಗೆ ಬೆಳೆಯುವ ಗಡ್ಡೆ ಕಿತ್ತರೆ ಹುಳುವಿಗೆ ನೋವಾದೀತೆಂದು ಉಳ್ಳಾಗಡ್ಡಿ ಮನೆಗೆ ತಂದವಳಲ್ಲ. ಅಂತಹವಳು ತನ್ನ ಕೈಯಾರೆ, ದಿನದಿನವೂ, ಮಗನ ಬಾಯಿಗೆ ಅದನ್ನು ಇಟ್ಟಿದ್ದಳು. ಬಸದಿಯಲ್ಲಿ ಕುಳಿತರೂ ಆಕೆಗೆ ಬೇರೇನೂ ಕಾಣದಾಯಿತು.

ಔಷಧಿ ಬಿಡಿಸುವಷ್ಟು ಧೈರ್ಯ ಆಕೆಗೆ ಬರಲಿಲ್ಲ. ಬದಲಿಗೆ ಒಂದು ಉಪಾಯ ಹೊಳೆಯಿತು. ಪಾಪವಿರುವುದು ಸಿಪ್ಪೆಯಲ್ಲಿ, ಔಷಧಿ ಇರುವುದು ಒಳಗಿನ ಎಣ್ಣೆಯಲ್ಲಿ, ಎರಡನ್ನೂ ಬೇರ್ಪಡಿಸಿದರಾಯಿತು. ಮರುದಿನ ಬೆಳಗ್ಗೆ ಗುಳಿಗೆಗೆ ಸೂಜಿ ಚುಚ್ಚಿ, ಎಣ್ಣೆಯನ್ನು ಬೆಲ್ಲದ ಹರಳಿನ ಮೇಲೆ ಹಿಂಡಿ ಮಗನಿಗೆ ಕೊಟ್ಟಳು. ಅದರ ಘಾಟು ಅಡಿಗೆಮನೆಯ ತುಂಬ ಹರಡಿತು. ಶ್ರೇಣಿಕ ಮುಖ ಸಿಂಡರಿಸಿ, ತಾಯಿಯ ಕಣ್ಣು ನೋಡಿ, ಸುಮ್ಮನೆ ನುಂಗಿದನು. ಸಿಪ್ಪೆಗಳನ್ನು ಕಸಕ್ಕೆ ಎಸೆಯಲಾರದೆ ಆಕೆ ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದಳು.

ಒಂದಿಷ್ಟು ಎಣ್ಣೆ ಸಿಪ್ಪೆಯೊಳಗೇ ಉಳಿಯುತ್ತಿತ್ತು. ಒಂದಿಷ್ಟು ಬೆರಳಿಗೆ ಅಂಟುತ್ತಿತ್ತು, ಒಂದಿಷ್ಟು ತಟ್ಟೆಗೆ ಇಳಿಯುತ್ತಿತ್ತು. ಎಷ್ಟು ಒಳಗೆ ಹೋಯಿತೆಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಓದುಗರೇ, ಇಲ್ಲಿಯೇ ಈ ಸಂಗತಿ ಭಯಂಕರವಾಗುತ್ತದೆ. ಶ್ರೇಣಿಕನ ಕಾಲುನೋವು ಇಳಿಯತೊಡಗಿತು.

ವಾರ ಕಳೆಯುತ್ತ ಅವನು ಗೋಡೆ ಹಿಡಿಯದೆ ನಡೆದನು. ಮತ್ತಷ್ಟು ದಿನ ಕಳೆದು ಗಿರಣಿಯ ಪಟ್ಟಿ ತಾನೇ ಏರಿಸಿದನು. ಆದಿನಾಥ ಮತ್ತೆ ಬಂದು, ನಾನು ಹೇಳಿರಲಿಲ್ಲವೇ ಎಂದು ಮೂರು ಮನೆಗೆ ಕೇಳುವಂತೆ ಹೇಳಿದನು. ಕಮಲವ್ವ ಮೊದಲ ಸಲ ನೆಮ್ಮದಿಯಿಂದ ನಿದ್ದೆ ಮಾಡಿದಳು. ಸಿಪ್ಪೆ ಬಿಟ್ಟಿದ್ದಕ್ಕೇ ನೋವು ಹೋಯಿತು ಎಂಬುದರಲ್ಲಿ ಆಕೆಗೆ ಸಂಶಯ ಉಳಿಯಲಿಲ್ಲ. ಹಿಂಡಿದ ಎಣ್ಣೆಯಲ್ಲಿಯೂ ಸಿಪ್ಪೆಯ ಅಂಶ ತುಸು ಉಳಿದಿದ್ದೀತು, ಅದನ್ನೂ ಕಡಿಮೆ ಮಾಡಿದರೆ ಪೂರ್ತಿ ಗುಣವಾದೀತೆಂದು ಆಕೆ ಸಂಜೆಯ ಗುಳಿಗೆಗಳಲ್ಲಿ ಒಂದನ್ನು ಒಡೆಯದೆ ಡಬ್ಬಿಯಲ್ಲಿಯೇ ಬಿಡತೊಡಗಿದಳು.

ಒಂದು ಬೆಳಗ್ಗೆ ಶ್ರೇಣಿಕನ ಕಣ್ಣುಗಳು ಬಾತ ರೆಪ್ಪೆಗಳ ನಡುವೆ ಸಣ್ಣ ಗೆರೆಗಳಾಗಿದ್ದವು. ಮೂತ್ರ ಎಂದಿನಷ್ಟು ಹೋಗುತ್ತಿಲ್ಲವೆಂದು ಅವನು ತಡವಾಗಿ ಒಪ್ಪಿಕೊಂಡನು. ತಾಯಿಯ ಮೂತ್ರಪಿಂಡವನ್ನು ಕೂಡಿಸಿದ ಜಾಗದಲ್ಲಿ, ಹೊಟ್ಟೆಯ ಬಲಬದಿಗೆ, ಕೈಯಿಟ್ಟರೆ ನೋಯುತ್ತಿತ್ತು. ಕಮಲವ್ವ ಚಪ್ಪಲಿ ಮೆಟ್ಟುವುದನ್ನೂ ಮರೆತು ದವಾಖಾನೆಯ ಭಾಗ್ಯಾಳ ಮನೆಗೆ ಓಡಿದಳು.

ಭಾಗ್ಯಾ ಊರಿನ ನರ್ಸು. ಹೆರಿಗೆ, ಲಸಿಕೆಗಳಲ್ಲಿ ನುರಿತವಳು. ಬಂದು ಶ್ರೇಣಿಕನ ರಕ್ತದೊತ್ತಡ ನೋಡಿದಳು, ಅದು ಏರಿತ್ತು. ಔಷಧಿಯ ಡಬ್ಬಿ ತಿರುವಿ ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದಳು.

"ಸೈಕ್ಲೋಸ್ಪೊರಿನ್ ಅಂತ ಬರದೈತಿ. ಖರೆ ಹೇಳ್ತೇನ್ರಿ ಕಮಲವ್ವಾರ, ಈ ಔಷಧ ನಾ ಕೈಯಾಗ ಹಿಡದದ್ದ ಇವತ್ತ. ಇದರ ಸುದ್ದಿ ನನಗ ಗೊತ್ತಿಲ್ಲ, ಆದಿನಾಥ ಕಾಕಾಗೂ ಗೊತ್ತಿಲ್ಲ. ಗೊತ್ತಿದ್ದವರನ್ನ ಕೇಳೂಣು ನಡೀರಿ."

ಅಂದು ಊರಿನಲ್ಲಿಯೇ ಇದ್ದ ಆದಿನಾಥ, ಪುಣೆಯವರು ಮತ್ತಷ್ಟು ಗುಳಿಗೆ ಬರೆಯುತ್ತಾರೆಯೇ ಹೊರತು ಮತ್ತೇನು ಮಾಡುತ್ತಾರೆ ಎಂದು ಗೊಣಗುತ್ತಲೇ ಹಿಂದೆ ಬಂದನು. ನಾಟಿ ಔಷಧಿಯವನೊಬ್ಬ ಮಮದಾಪುರದಲ್ಲಿದ್ದಾನೆ, ಅಲ್ಲಿಗೇ ಹೋಗೋಣ ಎಂದನು. ಭಾಗ್ಯಾ ಹೆಜ್ಜೆ ನಿಲ್ಲಿಸದೆ, "ಕಾಕಾ, ನಿಮ್ಮ ಅಂಗಡ್ಯಾಗ ಕೊಂಡ ಅರಿವಿ ಹರದ್ರ ಗಿರಾಕಿ ಯಾರ ಕಡೆ ಬರಬೇಕ್ರಿ? ನಿಮ್ಮ ಕಡೆನೋ, ಬಾಜೂಕಿನ ಚಾದಂಗಡಿಗೋ?" ಎಂದು ಕೇಳಿದಳು.

ಬಸ್ ನಿಲ್ದಾಣದ ಎಸ್.ಟಿ.ಡಿ. ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗಷ್ಟೇ ಜಾಗ. ಭಾಗ್ಯಾ ಮತ್ತು ಕಮಲವ್ವ ಒಳಗೆ ನಿಂತರು. ಆದಿನಾಥ ಅರೆತೆರೆದ ಬಾಗಿಲಿಗೆ ಆತುಕೊಂಡನು. ಎಷ್ಟೋ ಸಲ ತಿರುಗಿಸಿದ ಮೇಲೆ ಪುಣೆಯ ಲೈನು ಸಿಕ್ಕಿತು. ಶ್ರೇಣಿಕನನ್ನು ನೋಡುತ್ತಿದ್ದ ವೈದ್ಯರೇ ಮಾತಿಗೆ ಬಂದರು. ಭಾಗ್ಯಾ ತನಗೆ ಬರುವ ಹಿಂದಿಯಲ್ಲಿ ಬಾವು, ಮೂತ್ರ, ರಕ್ತದೊತ್ತಡ, ಮೊದಲು ಬಂದಿದ್ದ ಕಾಲುನೋವು ಎಲ್ಲವನ್ನೂ ಹೇಳಿದಳು. ಗುಳಿಗೆಗಳು ನಿಯಮದಂತೆ ನಡೆದಿವೆಯೇ ಎಂದು ಅವರು ಕೇಳಿದರು. ಭಾಗ್ಯಾ ತಿರುಗಿ ಕಮಲವ್ವನ ಮುಖ ನೋಡಿದಳು.

"ಕೊಡಾಕತ್ತೇನಿ" ಎಂದಳು ಕಮಲವ್ವ.

ಅದು ಸುಳ್ಳಲ್ಲ. ಹಾಗಾಗಿಯೇ ಅದು ಸುಳ್ಳಿಗಿಂತ ಅಪಾಯಕಾರಿಯಾಗಿತ್ತು.

ಭಾಗ್ಯಾ ಆ ಮಾತನ್ನು ಪುಣೆಗೆ ಮುಟ್ಟಿಸಿ, ಆಲಿಸಿ, ಕಮಲವ್ವನಿಗೆ ತಿಳಿಸಿದಳು. ಪೂರ್ತಿ ಔಷಧಿ ನುಂಗುತ್ತಿದ್ದೂ ಹೀಗಾಗಿದ್ದರೆ ರಕ್ತದಲ್ಲಿ ಔಷಧಿಯೇ ಹೆಚ್ಚಾಗಿರಬಹುದು, ಕಾಲುನೋವು ಕೂಡ ಅದನ್ನೇ ಸೂಚಿಸುತ್ತದೆ. ಅತಿಯಾದರೆ ಅದೂ ಮೂತ್ರಪಿಂಡವನ್ನು ಕೆಡಿಸುತ್ತದೆ. ಆದ್ದರಿಂದ ಇಂದು ಸಂಜೆಯ ಗುಳಿಗೆ ತಡೆದು, ನಾಳೆ ಪುಣೆಗೆ ಕರೆತನ್ನಿರಿ, ರಕ್ತ ನೋಡಿ ತೀರ್ಮಾನಿಸೋಣ ಎಂದು ವೈದ್ಯರು ಹೇಳುತ್ತಿದ್ದರು.

ಕಮಲವ್ವನ ಕೈ ಸೊಂಟದ ಗಾಯದ ಮೇಲೆ ಹೋಯಿತು. ಔಷಧಿ ಹೆಚ್ಚಾಗಿದೆಯೇ? ಕರಿಬೇವಿನ ಬುಡದಲ್ಲಿ ಮಣ್ಣಾದ ಸಿಪ್ಪೆಗಳು, ತಟ್ಟೆಯ ಅಂಚಿನ ಜಿಡ್ಡು, ಡಬ್ಬಿಯಲ್ಲಿ ಹೆಚ್ಚುತ್ತ ಬಂದಿದ್ದ ಗುಳಿಗೆಗಳು ಆಕೆಯ ಕಣ್ಣಮುಂದೆ ನಿಂತವು. ಗಾಜಿನ ಹೊರಗೆ ಬಸ್ಸಿಗೆ ಕಾದವರು ಇತ್ತ ನೋಡುತ್ತಿದ್ದರು. ಹೇಳಿದರೆ ಊರೆಲ್ಲ ಏನೆಂದೀತು, ಮೂತ್ರಪಿಂಡ ಕೊಟ್ಟವಳೇ ಅದನ್ನು ಕೊಂದಳು ಎಂದೀತು. ಹೇಳದಿದ್ದರೆ ವೈದ್ಯರು ನಿಜ ತಿಳಿಯದೆ ಔಷಧಿ ನಿಲ್ಲಿಸುತ್ತಾರೆ. ಭಾಗ್ಯಾ ಇನ್ನೇನು ಫೋನು ಇಡುವುದರಲ್ಲಿದ್ದಳು. ಕಮಲವ್ವ ಅವಳ ಮಣಿಕಟ್ಟು ಹಿಡಿದಳು.

"ಇಡಬ್ಯಾಡವ್ವ. ಇಲ್ಲಿ ಕೊಡು."

ಗಡಿಭಾಗದ ಆ ಮನೆಯಲ್ಲಿ ಮರಾಠಿ ಎಲ್ಲರಿಗೂ ಬರುತ್ತಿತ್ತು. ಅಡಿಗೆಮನೆಯ ಆ ಮರಾಠಿಯಲ್ಲಿಯೇ ಕಮಲವ್ವ ಸೂಜಿ, ಬೆಲ್ಲ, ಸಿಪ್ಪೆ, ಬಿಟ್ಟ ಗುಳಿಗೆ, ಯಾವುದನ್ನೂ ಉಳಿಸದೆ ಹೇಳಿದಳು. ಬೈಗುಳಕ್ಕೆ ಕಾಯುತ್ತ ಆಕೆ ಕಣ್ಣು ಮುಚ್ಚಿದಳು. ಬಂದದ್ದು ಬೈಗುಳವಲ್ಲ, ಆತುರದ ದನಿ. ಹಾಗಾದರೆ ನಾನು ಈಗ ಹೇಳಿದ್ದನ್ನು ಮರೆತುಬಿಡಿ, ಸಂಜೆಯ ಗುಳಿಗೆ ತಡೆಯಬೇಡಿ, ಬರೆದಷ್ಟನ್ನೂ ಇಡಿಯಾಗಿ ನುಂಗಿಸಿರಿ, ಇಂದೇ ಹೊರಡಿರಿ, ಬರುವ ದಾರಿಯಲ್ಲಿ ಬೇರೆ ಯಾವ ಔಷಧಿಯನ್ನೂ ಕೊಡಬೇಡಿ.

ಬಾಗಿಲಿನ ಸಂದಿಯಿಂದ ಆದಿನಾಥ ಎಲ್ಲವನ್ನೂ ಕೇಳಿದ್ದನು. ಗೋಕಾಕ ರೋಡ್ ರೈಲು ನಿಲ್ದಾಣಕ್ಕೆ ಜೀಪು ಗೊತ್ತುಮಾಡಲು ಓಡಿದವನು ಆತನೇ.

ರೈಲಿನಲ್ಲಿ ಕಮಲವ್ವ ಮಗನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಅವನು ನೀರು ಬೇಡವೆಂದರೆ ಬೆದರಿದಳು; ಕುಡಿದರೆ, ಅದು ಮೈಯಲ್ಲಿಯೇ ನಿಂತೀತೆಂದು ಬೆದರಿದಳು.

ಪುಣೆಯಲ್ಲಿ ರಕ್ತ ತೆಗೆದರು, ಮೂತ್ರಪಿಂಡದ ಎಳೆಯಷ್ಟು ಚೂರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದರು. ಔಷಧಿ ರಕ್ತದಲ್ಲಿ ಇರಬೇಕಾದದ್ದಕ್ಕಿಂತ ಬಹಳ ಕಡಿಮೆಯಿತ್ತು. ಶ್ರೇಣಿಕನ ದೇಹವು ಹೊಸ ಮೂತ್ರಪಿಂಡವನ್ನು ಪರಕೀಯವೆಂದು ತಿಳಿದು ಅದರ ಮೇಲೆ ಬಿದ್ದಿತ್ತು.

"ನಾನು ಹಡೆದ ಮೈಯಲ್ಲವೇ ಅದು? ನನ್ನದು ಅದಕ್ಕೆ ಪರಕೀಯ ಹೇಗಾಯಿತು?" ಎಂದು ಕಮಲವ್ವ ತನ್ನ ಮರಾಠಿಯಲ್ಲಿ ಕೇಳಿದಳು.

"ನಿಮಗೆ ಅವನು ಮಗನೆಂದು ಗೊತ್ತು. ಅವನ ರಕ್ತಕ್ಕೆ ನೀವು ತಾಯಿಯೆಂದು ಗೊತ್ತಾಗುವುದಿಲ್ಲ. ಅದು ಹೊರಗಿನದನ್ನು ಕಂಡರೆ ಕಾದಾಡುತ್ತದೆ. ಅದನ್ನು ದಿನವೂ ಸುಮ್ಮನಿರಿಸುವುದೇ ಈ ಗುಳಿಗೆಯ ಕೆಲಸ" ಎಂದರು ವೈದ್ಯರು.

ಬಲವಾದ ಇಂಜೆಕ್ಷನ್ನುಗಳು ನಡೆದವು. ಮೂತ್ರದ ಚೀಲಕ್ಕೆ ಎಷ್ಟು ಇಳಿಯಿತೆಂದು ನೋಡುವುದೇ ಕಮಲವ್ವನ ಹಗಲಾಯಿತು. ಒಂದು ಮುಂಜಾನೆ ಚೀಲ ತುಂಬುತ್ತ ಬಂದಾಗ ಆಕೆ ಯಾರಿಗೂ ಹೇಳದೆ ಗೋಡೆಯ ಕಡೆಗೆ ಮುಖ ಮಾಡಿ ಅತ್ತಳು. ಮೂತ್ರಪಿಂಡ ಉಳಿಯಿತು. ಮೊದಲಿನ ಶಕ್ತಿಯಲ್ಲಿ ಒಂದು ಪಾಲು ಮರಳಿ ಬರದು ಎಂದು ವೈದ್ಯರು ಮರೆಮಾಚದೆ ಹೇಳಿದರು.

ಕಾಲುನೋವಿನ ವಿಷಯ ಅನಂತರ ಬಂದಿತು. ಆದಿನಾಥನೂ ಅಲ್ಲಿದ್ದನು. ಈ ಔಷಧಿಯಿಂದ ಕೈ ನಡುಗುವುದು, ವಸಡು ಊದುವುದು, ಮೈಮೇಲೆ ಕೂದಲು ಹೆಚ್ಚುವುದು ಹಲವರಲ್ಲಿ ಕಾಣುತ್ತದೆ. ಆದರೆ ಅಪರೂಪಕ್ಕೆ ಕೆಲವರಿಗೆ ಮಾತ್ರ ಎರಡೂ ಕಾಲಿನ ಎಲುಬುಗಳಲ್ಲಿ ಇಂತಹ ತೀವ್ರ ನೋವು ಬರುತ್ತದೆ. ರಕ್ತದಲ್ಲಿ ಔಷಧಿ ಹೆಚ್ಚಾದಾಗ ಬರುವುದೇ ಹೆಚ್ಚು ಎಂದು ವೈದ್ಯರು ತಿಳಿಸಿದರು. ನೀವು ಪ್ರಮಾಣವನ್ನು ಗೊತ್ತಿಲ್ಲದೆ ತಗ್ಗಿಸಿದಿರಿ, ಅದಕ್ಕೇ ನೋವು ತಗ್ಗಿತು. ಸಿಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ವಾರವೇ ಒಂದು ಮಾತು ತಿಳಿಸಿದ್ದರೆ ರಕ್ತ ನೋಡಿ, ಎಷ್ಟು ತಗ್ಗಿಸಬಹುದೋ ಅಷ್ಟನ್ನೇ ತಗ್ಗಿಸಿ, ಜೊತೆಗೆ ಬೇರೊಂದು ಗುಳಿಗೆ ಕೊಟ್ಟು ಕಾಲನ್ನೂ ಮೂತ್ರಪಿಂಡವನ್ನೂ ಕಾಯಬಹುದಾಗಿತ್ತು.

"ಅಂದರೆ ನೋವು ಔಷಧಿಯಿಂದಲೇ ಬಂತೆಂದು ನಾನು ಅಂದದ್ದು ನಿಜವಾಯಿತಲ್ಲ" ಎಂದನು ಆದಿನಾಥ, ಮೆಲ್ಲಗೆ.

"ಸಂಶಯ ನಿಜವಾಗಿತ್ತು. ಅದನ್ನು ನನ್ನ ಬಳಿ ತರಬೇಕಿತ್ತು, ಅತ್ತಿಗೆಯ ಅಡಿಗೆಮನೆಗೆ ಅಲ್ಲ."

ಆದಿನಾಥ ತಲೆ ತಗ್ಗಿಸಿದನು.

ಕಮಲವ್ವನ ಪ್ರಶ್ನೆ ಇನ್ನೂ ಉಳಿದಿತ್ತು. ಸಿಪ್ಪೆ ಪ್ರಾಣಿಯದೇ ಅಲ್ಲವೇ ಎಂದು ಆಕೆ ನೇರವಾಗಿ ಕೇಳಿದಳು. ಹೌದು ಎಂದರು ವೈದ್ಯರು. ಇದೇ ಔಷಧಿ ಅಳೆದು ಕುಡಿಯುವ ಎಣ್ಣೆಯಾಗಿಯೂ ಸಿಗುತ್ತದೆ, ಅದಕ್ಕೆ ಸಿಪ್ಪೆಯಿಲ್ಲ; ಆದರೆ ಅದರಲ್ಲಿ ತುಸು ಮದ್ಯಸಾರವಿದೆ, ನಿಮ್ಮಿಂದ ಮುಚ್ಚಿಡಲಾರೆ ಎಂದರು. ಸೂರ್ಯ ಮುಳುಗುವ ಮುನ್ನ ಉಣ್ಣುವ ನೇಮವಿದೆ ಎಂದು ನೀವು ಮೊದಲೇ ಹೇಳಿದ್ದಿರಿ, ಗುಳಿಗೆಯ ಹೊತ್ತನ್ನು ಅದಕ್ಕೆ ಹೊಂದಿಸಿ ಕೊಟ್ಟೆನಲ್ಲ; ಇದನ್ನೇಕೆ ಕೇಳಲಿಲ್ಲ ಎಂದರು.

ಏಕೆ ಕೇಳಲಿಲ್ಲ? ನಗುತ್ತಾರೆಂದು. ದೊಡ್ಡವರ ಮುಂದೆ ಮಡಿಯ ಮಾತು ಆಡಬಾರದೆಂದು. ಈ ಸಂಕೋಚವನ್ನು ನಮಗೆ ಯಾರು ಕಲಿಸಿದರು? ನಂಬಿಕೆಯುಳ್ಳವರನ್ನು ಕಂಡು ನಗುವ ವೈದ್ಯರೂ ಇದ್ದಾರೆ. ಅವರೂ ಈ ಪಾಪದಲ್ಲಿ ಪಾಲುದಾರರೇ.

ಸಿಪ್ಪೆಯ ಗುಳಿಗೆ, ಮದ್ಯಸಾರದ ಎಣ್ಣೆ, ಎರಡರಲ್ಲಿ ಒಂದೂ ನಿರ್ದೋಷವಲ್ಲ. ಕಮಲವ್ವ ಬಹಳ ಹೊತ್ತು ಮಗನ ಹಾಸಿಗೆಯ ಅಂಚಿನಲ್ಲಿ ಕುಳಿತಳು. ಕೊನೆಗೆ ಆಕೆಯೇ ಮೈದುನನಿಗೆ ಹೇಳಿದಳು.

"ಗುಳಿಗಿನ ಇರಲಿ. ಅದರಾಗ ಅಳತಿ ತಪ್ಪೂದಿಲ್ಲ. ಪಾಪ ಇದ್ರ ಅದು ನನ್ನ ಮ್ಯಾಲಿರಲಿ, ಕಿಡ್ನಿ ಅಂತೂ ನಂದ ಐತಿ. ಇನ್ನ ಮುಂದ ನಾ ಬೆಲ್ಲ ಬಿಟ್ಟೆ. ಬಿಡೂದಿದ್ರ ನನ್ನ ಬಾಯಿಂದ ಬಿಡಬೇಕು, ಅವನ ಔಷಧದಾಗಿಂದ ಅಲ್ಲ."

ಪ್ರಿಯವಾದ ರುಚಿಯೊಂದನ್ನು ತ್ಯಜಿಸುವುದು ಆಕೆಯ ಧರ್ಮದಲ್ಲಿ ಹಳೆಯ ತಪಸ್ಸು. ಕುಲಗೋಡದ ಸುತ್ತ ಗಾಣಗಳಿಂದ ಹೊಸ ಬೆಲ್ಲದ ವಾಸನೆ ಹೊಮ್ಮುವ ಕಾಲದಲ್ಲಿಯೇ ಅವರು ಊರಿಗೆ ಮರಳಿದರು. ಶ್ರೇಣಿಕನಿಗೆ ಪ್ರಮಾಣವನ್ನು ಅಳೆದು ಬದಲಿಸಿದ್ದರು; ಪಾದಗಳು ಒಮ್ಮೊಮ್ಮೆ ನೊಂದರೂ ಗಿರಣಿಯ ಮುಂದೆ ಸ್ಟೂಲಿಟ್ಟು ಕುಳಿತು ಬೀಸಬಲ್ಲನು. ನೊಂದ ದಿನ ಆದಿನಾಥನೇ ಬೂತಿಗೆ ಹೋಗಿ ಪುಣೆಗೆ ತಿಳಿಸುತ್ತಾನೆ. ಭಾಗ್ಯಾ ಅವನಿಗೆ, "ಕಾಕಾ, ಈಗ ಪತ್ರಿಕಿ ಓದೂದು ಬಿಟ್ಟೀರೇನು?" ಎಂದು ಕೆಣಕಿದರೆ, "ಓದ್ತೇನವ್ವ. ಓದಿದ ಮ್ಯಾಲೆ ಫೋನ್ ಹಚ್ತೇನಿ" ಎನ್ನುತ್ತಾನೆ.

ಇಂದಿಗೂ ಹೊತ್ತು ಮುಳುಗುವ ಮುನ್ನ ಕಮಲವ್ವ ಸೋಸಿದ ನೀರಿನ ಲೋಟ ಹಿಡಿದು ಮಗನ ಮುಂದೆ ನಿಲ್ಲುತ್ತಾಳೆ. ಗುಳಿಗೆಗಳನ್ನು ಒಡೆಯದೆ, ಒಂದನ್ನೂ ಬಿಡದೆ, ಅವನ ಅಂಗೈಯಲ್ಲಿ ಇಡುತ್ತಾಳೆ. ಅವನು ನುಂಗುವವರೆಗೆ ಆಕೆಯ ಕೈ ಸೊಂಟದ ಮೇಲೆಯೇ ಇರುತ್ತದೆ.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಇದ್ದರೆ ಈ ಮಾತನ್ನು ಅವರಿಗೆ ಮುಟ್ಟಿಸಿರಿ. ಔಷಧಿಯಿಂದ ಅಪರೂಪದ ತೊಂದರೆ ಬರಬಹುದು. ಅದು ಪಾದದಲ್ಲಿ ಬಂದೀತು, ಕಣ್ಣಿನಲ್ಲಿ ಬಂದೀತು, ತಲೆಯಲ್ಲಿ ಬಂದೀತು; ಮೂತ್ರಪಿಂಡಕ್ಕೆ ಸಂಬಂಧವಿಲ್ಲವೆಂದು ನೀವೇ ತೀರ್ಪು ಕೊಡಬೇಡಿರಿ. ಗುಳಿಗೆಯನ್ನು ಒಡೆಯಬೇಡಿರಿ, ತಗ್ಗಿಸಬೇಡಿರಿ, ನೋವು ಇಳಿಯಿತೆಂದು ಬಿಡಬೇಡಿರಿ. ಅಂಗಡಿಯ ನೋವಿನ ಗುಳಿಗೆಯನ್ನೂ ನಾಟಿ ಔಷಧಿಯನ್ನೂ ಕೇಳದೆ ಕೊಡಬೇಡಿರಿ. ನಿಮ್ಮ ವ್ರತ, ಉಪವಾಸ, ಆಚಾರಗಳಿಗೆ ಔಷಧಿ ಅಡ್ಡಬಂದರೆ ನಾಚದೆ ಕಸಿ ಮಾಡಿದ ವೈದ್ಯರ ಮುಂದೆ ಇಡಿರಿ, ಮತ್ತು ಆಗಿಹೋದ ತಪ್ಪನ್ನೂ ಬಚ್ಚಿಡಬೇಡಿರಿ. ಒಬ್ಬರು ತಮ್ಮ ಮೈಯಿಂದ ತೆಗೆದು ಕೊಟ್ಟದ್ದನ್ನು ನಮ್ಮ ಮೌನದಿಂದ ಕಳೆಯುವ ಹಕ್ಕು ನಮಗಿಲ್ಲ. ಇಂದೇ ಕೇಳಿರಿ. ಇಂದೇ ಹೇಳಿರಿ.